ಅಮ್ಮನ ಜೊತೆ ಅಹಮದಾಬಾದಿನ ಹಳೇ ಊರಲ್ಲಿ: ಹೆರಿಟೇಜ್ ವಾಕ್ ಅನುಭವ

ಅಹಮದಾಬಾದಿನ ಹಳೇ ಊರನ್ನು ಗೈಡ್ ಜೊತೆ ನಡೆದು ನೋಡುವ ಹೆರಿಟೇಜ್ ವಾಕ್ ಮುಗಿಸಿ ಈಗಷ್ಟೇ ಊರಿಗೆ ಬಂದಿದ್ದೇವೆ. ಜೊತೆಗಿದ್ದವರು ನನ್ನ ಅಮ್ಮ. ವಯಸ್ಸು ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು. ಹೋಗುವ ಮೊದಲು ನಾನು ಎಲ್ಲ ಕಡೆ ಹುಡುಕಿದ್ದು ಒಂದೇ ಮಾತು: ವಯಸ್ಸಾದವರಿಗೆ ಇದು ಆಗುತ್ತಾ? ಕೆತ್ತನೆಯ ಫೋಟೊಗಳು ಬೇಕಾದಷ್ಟು ಸಿಕ್ಕವು. ಮಧ್ಯೆ ಎಲ್ಲಿ ಕೂರಬಹುದು, ಮೆಟ್ಟಿಲು ಎಲ್ಲಿವೆ, ಶೌಚಾಲಯಕ್ಕೆ ಏನು ಮಾಡೋದು ಅಂತ ಬರೆದವರು ಒಬ್ಬರೂ ಸಿಗಲಿಲ್ಲ. ಆಗುತ್ತೆ, ಖಂಡಿತ ಆಗುತ್ತೆ. ಆದರೆ ಕೆಲವು ವಿಷಯ ಮೊದಲೇ ಗೊತ್ತಿದ್ದರೆ ತುಂಬಾ ಸಲೀಸು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಾವು ಮೂಡುಬಿದಿರೆಯ ಜೈನರು. ಅಮ್ಮನಿಗೆ ಗುಜರಾತಿನ ಜೈನ ತೀರ್ಥ ಗಿರ್ನಾರ್ ಬೆಟ್ಟ ನೋಡಬೇಕೆಂಬ ಆಸೆ ಬಹಳ ಕಾಲದ್ದು. ಹತ್ತು ಸಾವಿರದಷ್ಟು ಮೆಟ್ಟಿಲು ಅಂತ ಕೇಳಿ ಸುಮ್ಮನಾಗಿದ್ದರು. 2020ರಲ್ಲಿ ಅಲ್ಲಿ ರೋಪ್‌ವೇ ಶುರುವಾದ ಮೇಲೆ, ಅಂಬಾಜಿ ದೇವಸ್ಥಾನದವರೆಗಾದರೂ ಹೋಗಿ ಬರೋಣ ಅಂತ ಹೊರಟೆವು. ಹೇಗೂ ಅಹಮದಾಬಾದಿನಲ್ಲಿ ಇಳಿದೇ ಹೋಗಬೇಕು. ಅಲ್ಲಿನ ಹಳೇ ಊರು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ, ಭಾರತದಲ್ಲಿ ಆ ಮಾನ ಪಡೆದ ಮೊದಲ ನಗರ ಅದು. ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.

ಬುಕಿಂಗ್ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ನಮಗೆ ತಲೆಬಿಸಿ ಶುರುವಾದದ್ದು ಅಲ್ಲಿಂದಲೇ. ಈ ನಡಿಗೆಯನ್ನು 1997ರಿಂದ ಅಲ್ಲಿನ ಮಹಾನಗರಪಾಲಿಕೆಯೇ ನಡೆಸುತ್ತಿದೆ. ನಾನು ಮಾತ್ರ ಊರಿನಿಂದಲೇ ಎಲ್ಲ ಮುಗಿಸೋಣ ಅಂತ ಒಂದು ಖಾಸಗಿ ಬುಕಿಂಗ್ ತಾಣದಲ್ಲಿ ದುಡ್ಡು ಕಟ್ಟಿದೆ. ಖಾತೆಯಿಂದ ಹಣ ಹೋಯಿತು, ಟಿಕೆಟ್ ಬರಲಿಲ್ಲ. ಫೋನ್ ಮಾಡಿದರೆ ಯಂತ್ರದ ದನಿ, ಮೇಲ್ ಹಾಕಿದರೆ ಅದೇ ಸಿದ್ಧ ಉತ್ತರ. ರೈಲು ಹತ್ತುವ ದಿನದವರೆಗೂ ಅದೇ ಕೊರಗು. ಕೊನೆಗೆ ಹೋಟೆಲಿನವರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: ಬೆಳಗ್ಗೆ ಬೇಗ ಕಾಲುಪುರದ ಸ್ವಾಮಿನಾರಾಯಣ ಮಂದಿರಕ್ಕೆ ಹೋಗಿ, ಅಲ್ಲೇ ಹೆಸರು ಬರೆಸಬಹುದು. ಹಾಗೇ ಆಯಿತು. ಇಬ್ಬರಿಗೂ ಸೇರಿ ಕೊಟ್ಟದ್ದು ಸಾವಿರ ರೂಪಾಯಿಯ ಒಳಗೇ. ಹೊರದೇಶದವರಿಗೆ ಜಾಸ್ತಿ ಇದೆ. ಮೊದಲ ಹಣ ಕೊನೆಗೂ ವಾಪಸ್ ಬಂತು, ಆದರೆ ಬ್ಯಾಂಕಿಗೆ ದೂರು ಕೊಟ್ಟ ಮೇಲೆ. ಕಟ್ಟಿದ ದುಡ್ಡಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡದ್ದು ಆಗ ಉಪಯೋಗಕ್ಕೆ ಬಂತು, ನೀವೂ ಇಟ್ಟುಕೊಳ್ಳಿ. ದರ ಮತ್ತು ಹೊತ್ತು ಬದಲಾಗುತ್ತಿರುತ್ತವೆ, ಹಿಂದಿನ ದಿನ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕು ಹೋಟೆಲಿನ ಕೌಂಟರಿನಲ್ಲಿ. ನನ್ನ ಆಧಾರ್ ಮೊಬೈಲಿನಲ್ಲೇ ನಡೆಯಿತು. ಅಮ್ಮನದು ಜೆರಾಕ್ಸ್ ಇತ್ತು, ಅದರಲ್ಲಿ ಫೋಟೊ ಕಪ್ಪಾಗಿ ಮುಖವೇ ಕಾಣುತ್ತಿರಲಿಲ್ಲ. ರಾತ್ರಿ ಹೊತ್ತು, ರೈಲಿನಲ್ಲಿ ಕೂತು ಕೂತು ಅಮ್ಮನ ಕಾಲು ಊದಿಕೊಂಡಿದೆ, ಇವರು ಮೂಲ ಕಾರ್ಡೇ ಬೇಕು ಅಂತ ಕೂತರು. ಊರಲ್ಲಿದ್ದ ತಮ್ಮನನ್ನು ಎಬ್ಬಿಸಿ, ಬೀರು ತೆಗೆಸಿ, ಫೋಟೊ ಹೊಡೆದು ಕಳಿಸುವಂತೆ ಹೇಳಿದೆ. ಅಷ್ಟಾಗುವವರೆಗೆ ಅಮ್ಮ ಸೂಟ್‌ಕೇಸಿನ ಮೇಲೇ ಕೂತಿದ್ದರು. ನನಗೆ ಆ ಹೊತ್ತಿನಲ್ಲಿ ಅಳುವೇ ಬಂದಿತ್ತು. ಹಿರಿಯರ ಜೊತೆ ಹೋಗುವವರು ಅವರ ಮೂಲ ಗುರುತುಚೀಟಿ ಕೈಚೀಲದಲ್ಲೇ ಇಡಿ. ಮತ್ತೆ, ಕೋಣೆ ಕಾಲುಪುರದ ಆಸುಪಾಸಿನಲ್ಲೇ ಮಾಡಿ. ಸಾಬರಮತಿ ನದಿಯ ಆಚೆ ಕಡೆ ಹೋಟೆಲುಗಳು ಚೆನ್ನಾಗಿವೆ, ನಿಜ. ಆದರೆ ಬೆಳಗ್ಗೆ ಏಳಕ್ಕೆಲ್ಲ ಈ ಕಡೆ ದಾಟಿ ಬರಬೇಕೆಂದರೆ ವಯಸ್ಸಾದವರಿಗೆ ನಡಿಗೆಗೆ ಮೊದಲೇ ಅರ್ಧ ಸುಸ್ತು.

ನಡಿಗೆ ಬೆಳಗ್ಗೆ ಎಂಟರ ಸುಮಾರಿಗೆ ಶುರುವಾಗಿ ಹತ್ತೂವರೆ ಹೊತ್ತಿಗೆ ಮುಗಿಯುತ್ತದೆ. ಶುರು ಮಂದಿರದಲ್ಲಿ, ಮುಗಿಯುವುದು ಜಾಮಾ ಮಸೀದಿಯಲ್ಲಿ. ಸ್ವಾಮಿನಾರಾಯಣ ಸಂಪ್ರದಾಯದ ಮೊದಲ ಮಂದಿರವೇ ಇದು, 1822ರದ್ದು. ಬರ್ಮಾ ತೇಗದ ಕಂಬ, ಕಮಾನುಗಳ ಮೇಲೆಲ್ಲ ಬಣ್ಣ ಬಳಿದ ಕೆತ್ತನೆ. ಅಂಗಳ ವಿಶಾಲವಾಗಿದೆ, ಕೂರಲು ಜಾಗ ಇದೆ. ಶೌಚಾಲಯದ ಕೆಲಸ ಇಲ್ಲೇ ಮುಗಿಸಿಕೊಳ್ಳಿ, ದಾರಿಯಲ್ಲಿ ನಮಗೆ ಎಲ್ಲೂ ಸಿಗಲಿಲ್ಲ. ತಿಂಡಿಯನ್ನೂ ಸ್ವಲ್ಪವಾದರೂ ತಿಂದೇ ಹೊರಡಿ. ನಮ್ಮ ಗುಂಪಿನಲ್ಲಿ ವಾಸ್ತುಶಿಲ್ಪ ಓದುವ ಮಕ್ಕಳು, ಒಂದು ಮರಾಠಿ ಕುಟುಂಬ, ಇಬ್ಬರು ಹೊರದೇಶದವರು ಇದ್ದರು. ಎಲ್ಲರೂ ಸೇರುವವರೆಗೆ ಕಾಯುತ್ತಿದ್ದಾಗ ನಾನು ಗೈಡ್ ಹತ್ತಿರ ಹೋಗಿ ಅಮ್ಮನ ಮಂಡಿಯ ವಿಷಯ ಹೇಳಿದೆ. ಇದನ್ನು ಮಾತ್ರ ಮರೆಯದೆ ಮಾಡಿ. ಅವರು ತಮ್ಮ ನಂಬರ್ ಕೊಟ್ಟರು, ಮೆಟ್ಟಿಲು ಹತ್ತಿಳಿಯುವ ಜಾಗ ಯಾವುವು ಅಂತ ಹೇಳಿದರು, ಅಮ್ಮನನ್ನು ಗುಂಪಿನ ಮುಂದೆಯೇ ನಡೆಸಿದರು. ಹಿಂದೆ ಬಿದ್ದು ಓಡಿ ಓಡಿ ಸೇರಿಕೊಳ್ಳುವ ಕಷ್ಟ ಇದರಿಂದ ತಪ್ಪಿತು. ವಿವರಣೆ ಹಿಂದಿ, ಇಂಗ್ಲಿಷ್ ಎರಡರಲ್ಲೂ ಇತ್ತು. ನಾನು ಅಮ್ಮನಿಗೆ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಹಳೇ ಊರೆಂದರೆ ಪೋಳ್‌ಗಳು. ಒಂದು ಪೋಳ್ ಅಂದರೆ ಒಂದು ಬಾಗಿಲೊಳಗಿನ ಕೇರಿ. ಒಂದೇ ಜಾತಿ ಅಥವಾ ಒಂದೇ ಕಸುಬಿನವರು ಒಟ್ಟಿಗೆ ಮನೆ ಕಟ್ಟಿಕೊಂಡು, ಕೇರಿಗೆ ದೊಡ್ಡ ಬಾಗಿಲು ಇಟ್ಟು, ಅದರ ಮೇಲೆ ಕಾವಲಿನವನಿಗೆ ಕೋಣೆ ಕಟ್ಟುತ್ತಿದ್ದರು. ರಾತ್ರಿ ಬಾಗಿಲು ಮುಚ್ಚಿದರೆ ಮುಗಿಯಿತು. ಬಾಗಿಲ ಪಕ್ಕದಲ್ಲಿ ಈಗಲೂ ಕರಿಹಲಗೆ ಇದೆ. ಯಾರು ತೀರಿಹೋದರು, ಸಭೆ ಯಾವಾಗ ಎಂಬ ಸುದ್ದಿಯನ್ನೆಲ್ಲ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಲಂಬೇಶ್ವರನಿ ಪೋಳ್‌ನಲ್ಲಿ ಗುಜರಾತಿ ಕವಿ ದಲಪತರಾಮರ ಮನೆ ಇದ್ದ ಜಾಗ ಸಿಗುತ್ತದೆ. ಅವರು 1820ರಲ್ಲಿ ಹುಟ್ಟಿದವರು. ಮನೆ ಉಳಿದಿಲ್ಲ. ಅದರ ಮುಂಭಾಗವನ್ನು ಮಾತ್ರ ಮತ್ತೆ ಕಟ್ಟಿ, ಜಗಲಿಯಲ್ಲಿ ಕವಿಯನ್ನು ಪ್ರತಿಮೆ ಮಾಡಿ ಕೂರಿಸಿದ್ದಾರೆ. ಎತ್ತರದ ಪೀಠ ಇಲ್ಲ, ಸುತ್ತ ಬೇಲಿ ಇಲ್ಲ. ಶಾಲೆಗೆ ಹೊರಟ ಮಕ್ಕಳು ಪಕ್ಕದಲ್ಲೇ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದರು. ಅಮ್ಮನೂ ಅಲ್ಲೇ ಕೂತು ನೀರು ಕುಡಿದರು.

ಅಲ್ಲಲ್ಲಿ ಚಬೂತರೊ ಕಾಣುತ್ತವೆ. ಎತ್ತರದ ಕಂಬದ ತುದಿಯಲ್ಲಿ ಕೆತ್ತನೆಯ ಪುಟ್ಟ ಮಂಟಪ, ಹಕ್ಕಿಗಳಿಗೆ ಕಾಳು, ನೀರು ಇಡಲು. ಪೋಳ್‌ನವರೇ ಸರದಿಯಂತೆ ಏಣಿ ಹತ್ತಿ ಕಾಳು ಹಾಕುತ್ತಾರಂತೆ.

ಹಾಜಾ ಪಟೇಲ್‌ನಿ ಪೋಳ್‌ನಲ್ಲಿ ಕಾಲಾ ರಾಮಜಿ ಮಂದಿರ ನೋಡಿದೆವು. ಕರಿಕಲ್ಲಿನ ರಾಮ, ಅದೂ ಕುಳಿತಿರುವ ರಾಮ. ಇಲ್ಲಿಗೆ ಬರುವಷ್ಟರಲ್ಲಿ ಅಮ್ಮನಿಗೆ ನೋವು ಶುರುವಾಗಿತ್ತು. ನೆಲಕ್ಕೆ ಕಲ್ಲು ಹಾಸಿದ್ದಾರೆ, ಆದರೆ ಸಮ ಇಲ್ಲ. ಮೇಲಾಗಿ ಇಬ್ಬರು ಒಟ್ಟಿಗೆ ನಡೆಯಲಾಗದಷ್ಟು ಕಿರಿದಾದ ಗಲ್ಲಿಯಲ್ಲೂ ಸ್ಕೂಟರು ಬರುತ್ತವೆ. ಪ್ರತಿ ಸಲ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಅಮ್ಮ ಒಂದು ಮನೆಯ ಮುಂದೆ ನಿಂತುಬಿಟ್ಟರು. "ನಾನು ಇಲ್ಲೇ ಇರ್ತೇನೆ, ನೀನು ನೋಡಿ ಬಾ" ಅಂದರು.

ಆ ಮನೆಯ ಓಟ್ಲೊ, ಅಂದರೆ ಜಗಲಿಯ ಮೇಲೆ ಒಬ್ಬ ಹೆಂಗಸು ಮೆಂತೆಸೊಪ್ಪು ಬಿಡಿಸುತ್ತಿದ್ದರು. ನಾವು ಏನೂ ಕೇಳಲಿಲ್ಲ. ಅವರೇ ಸೊಪ್ಪಿನ ಪೇಪರ್ ಸರಿಸಿ, "ಬೇಸೋ ಬಾ, ಬೇಸೋ" (ಕೂರಿ ಅಮ್ಮ, ಕೂರಿ) ಅಂತ ಅಮ್ಮನನ್ನು ಕೂರಿಸಿದರು. ಅಮ್ಮ ಕೂತವರೇ ಸುಮ್ನೆ ಇರಲಾರದೆ ಸೊಪ್ಪಿಗೆ ಕೈ ಹಾಕಿದರು. ಇಬ್ಬರಿಗೂ ಬರುವ ಹಿಂದಿ ಅಷ್ಟಕ್ಕಷ್ಟೇ. ಆದರೂ ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು, ಮಂಡಿಗೆ ಯಾವ ಎಣ್ಣೆ ಎಂಬುದೆಲ್ಲ ಐದೇ ನಿಮಿಷದಲ್ಲಿ ಮುಗಿಯಿತು. ಗೈಡ್ ಆ ಮನೆಯವರಿಗೆ ಪರಿಚಯ. ಒಳಗೆ ಬಂದು ಟಾಂಕಾ ನೋಡಿ ಅಂತ ಅವರೇ ಕರೆದರು.

ಈ ಟಾಂಕಾ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಮನೆಯ ನಡುವೆ ನಮ್ಮ ತೊಟ್ಟಿಮನೆಯ ಹಾಗೆ ತೆರೆದ ಅಂಗಳ. ಅದರ ಹಾಸುಗಲ್ಲಿನಲ್ಲಿ ಒಂದು ಗುಂಡಗಿನ ಮುಚ್ಚಳ. ಎತ್ತಿದರೆ ಕೆಳಗೆ ಕತ್ತಲು, ತಣ್ಣನೆ ಗಾಳಿ ಮುಖಕ್ಕೆ ಬರುತ್ತದೆ. ಮೊಬೈಲ್ ಟಾರ್ಚ್ ಬಿಟ್ಟಾಗ ಬಹಳ ಕೆಳಗೆ ನೀರು ಮಿನುಗಿತು. ತಾರಸಿಯ ಮೇಲೆ ಬಿದ್ದ ಮಳೆನೀರು ಕೊಳವೆಯಲ್ಲಿ ಇಳಿದು ಈ ನೆಲದಡಿಯ ತೊಟ್ಟಿಗೆ ಸೇರುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಟ್ಟುಬಿಡುತ್ತಾರೆ, ತಾರಸಿ ತೊಳೆದು ಹೋಗಲಿ ಅಂತ. ಒಳಗೋಡೆಗೆ ಸುಣ್ಣ. ಬೆಳಕು ಬೀಳದ್ದರಿಂದ ಪಾಚಿ ಕಟ್ಟುವುದಿಲ್ಲ. ಹಿಂದೆ ವರ್ಷವಿಡೀ ಕುಡಿಯಲು ಇದೇ ನೀರು. ಅಮ್ಮ ಬಗ್ಗಿ ನೋಡಿ ಎದ್ದವರು, "ನಮ್ಮಲ್ಲಿ ಇಷ್ಟು ಮಳೆ ಬಂದೂ ಏಪ್ರಿಲ್‌ಗೆ ಬಾವಿ ತಳ ಕಾಣ್ತದೆ ನೋಡು" ಅಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಮನೆಯ ಮಾಡಿನ ನೀರೆಲ್ಲ ಜೂನಿನಿಂದ ಸೆಪ್ಟೆಂಬರ್‌ವರೆಗೆ ಚರಂಡಿಗೇ ಹೋಗುತ್ತದೆ. ಈ ವರ್ಷ ಅದನ್ನು ಬಾವಿಗೆ ತಿರುಗಿಸುವ ಕೆಲಸ ಮಾಡಿಸುತ್ತಿದ್ದೇವೆ.

ಈ ಮನೆಗಳ ಕಟ್ಟಡವೂ ವಿಶೇಷ. ಇಟ್ಟಿಗೆ ಗೋಡೆಯ ನಡುನಡುವೆ ಮರದ ತೊಲೆ ಹಾಕಿ ಹೆಣೆದಿದ್ದಾರೆ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಹೊಸ ಅಪಾರ್ಟ್‌ಮೆಂಟುಗಳು ಹಲವು ಕುಸಿದವು. ಮರದ ಬಿಗಿ ಇದ್ದ ಈ ಹಳೇ ಮನೆಗಳು ಅಲುಗಾಡಿದರೂ ತಡೆದುಕೊಂಡವು ಅಂತ ಗೈಡ್ ವಿವರಿಸಿದರು. ಆದರೆ ಬೀಗ ಹಾಕಿದ ಮನೆಗಳೂ ತುಂಬಾ ಇವೆ. ಮಕ್ಕಳು ನದಿಯಾಚೆ ಹೋಗಿದ್ದಾರೆ, ಆಸ್ತಿಗೆ ಹತ್ತಾರು ಪಾಲುದಾರರು, ರಿಪೇರಿಗೆ ಯಾರೂ ಮುಂದೆ ಬರುವುದಿಲ್ಲ. ಕೆತ್ತಿದ ಕಂಬಗಳು ಒಂದೊಂದಾಗಿ ಹಳೇ ಸಾಮಾನಿನ ಅಂಗಡಿಗೆ ಹೋಗುತ್ತವೆ. ನಮ್ಮ ಕಡೆಯ ಗುತ್ತಿನ ಮನೆಗಳ ಕಂಬಗಳು ಎಲ್ಲೆಲ್ಲಿಗೋ ಮಾರಾಟವಾಗಿ ಹೋದದ್ದನ್ನು ಕಣ್ಣಾರೆ ಕಂಡವರು ನಾವು. ಹೊಟ್ಟೆ ಉರಿಯಿತು.

ಕುವಾವಾಲಾ ಖಾಂಚಾ ಎಂಬ ಬಾವಿಕಟ್ಟೆಯ ಮೂಲೆಯಲ್ಲಿ ಮರಾಠ, ಮೊಘಲ, ಬ್ರಿಟಿಷ್ ಶೈಲಿಗಳ ಮನೆಗಳು ಎದುರುಬದುರು ನಿಂತಿವೆ. ಅಲ್ಲಿಂದ ಮುಂದೆ ಒಂದು ಗುಟ್ಟಿನ ದಾರಿ. ನೋಡಲು ಯಾರದೋ ಮನೆಯ ಬಾಗಿಲು. ಒಳಗೆ ಹೊಕ್ಕು ಹೊರಬಂದರೆ ಬೇರೆಯೇ ಕೇರಿ! ಗಲಭೆಯ ಕಾಲದಲ್ಲಿ ತಪ್ಪಿಸಿಕೊಳ್ಳಲು ಮಾಡಿಕೊಂಡದ್ದು. ಮೆಟ್ಟಿಲು ಕಡಿಮೆ, ಆದರೆ ಕತ್ತಲೆ. ವಿದ್ಯಾರ್ಥಿಯೊಬ್ಬ ಅಮ್ಮನ ಚೀಲ ತೆಗೆದುಕೊಂಡ, ಇನ್ನೊಬ್ಬಳು ಕೈ ಹಿಡಿದಳು.

ಝವೇರಿವಾಡ್ ಮತ್ತು ದೋಶಿವಾಡಾನಿ ಪೋಳ್ ಕಡೆ ಬಂದರೆ ದೇರಾಸರ್‌ಗಳು ಒಂದರ ಪಕ್ಕ ಒಂದು. ದೇರಾಸರ್ ಎಂದರೆ ನಮ್ಮ ಬಸದಿಯೇ. ಕೆಲವನ್ನು ಹೊರಗಿನಿಂದ ನೋಡಿದರೆ ಮನೆ ಅಂತಲೇ ಅನ್ನಿಸುತ್ತದೆ, ಒಳಗೆ ಹೋದರೆ ಅಮೃತಶಿಲೆ. ಕೆಲವು ಕಡೆ ನೆಲಮಾಳಿಗೆಗೆ ಇಳಿಯಬೇಕು. ಆ ಮೆಟ್ಟಿಲು ಕಡಿದಾಗಿರುತ್ತವೆ, ಅಮ್ಮ ಇಳಿಯಲಿಲ್ಲ, ಮೇಲಿನದನ್ನೇ ಸಾವಕಾಶ ನೋಡಿದರು. ಚರ್ಮದ ಬೆಲ್ಟು, ಪರ್ಸು ಹೊರಗಿಡಬೇಕು. ಒಳಗೆ ಫೋಟೊ ತೆಗೆಯಬೇಡಿ. ಪೂಜೆಗೆ ಬೇರೆ ಬಟ್ಟೆಯ ನಿಯಮ ಇದೆ, ದರ್ಶನಕ್ಕೆ ಮಾಮೂಲಿ ಬಟ್ಟೆ ಸಾಕು. ಚಪ್ಪಲಿ ಪದೇ ಪದೇ ಬಿಚ್ಚಬೇಕು, ಲೇಸ್ ಇಲ್ಲದ್ದೇ ಹಾಕಿಕೊಂಡು ಹೋಗಿ.

ನಾವು ದಿಗಂಬರರು. ನಮ್ಮ ಬಸದಿಯ ಜಿನಬಿಂಬಗಳಿಗೆ ಅಲಂಕಾರ ಇಲ್ಲ, ಕಣ್ಣು ಅರೆಮುಚ್ಚಿರುತ್ತದೆ. ಇಲ್ಲಿನವು ಶ್ವೇತಾಂಬರರ ದೇರಾಸರ್‌ಗಳು. ಬಿಂಬಗಳಿಗೆ ಹೊಳೆಯುವ ಕಣ್ಣು ಕೂರಿಸಿರುತ್ತಾರೆ, ಆಭರಣ ಹಾಕಿರುತ್ತಾರೆ. ಅಮ್ಮ ಇದನ್ನು ಕೇಳಿದ್ದರು, ಕಣ್ಣಾರೆ ಕಂಡದ್ದು ಇದೇ ಮೊದಲು. ಸ್ವಲ್ಪ ಹೊತ್ತು ಹಾಗೇ ನಿಂತರು. "ನಮ್ಮನ್ನೇ ನೋಡ್ತದಲ್ಲ" ಅಂದರು. ಆಮೇಲೆ ಕೈಮುಗಿದು ಣಮೋ ಅರಿಹಂತಾಣಂ ಶುರು ಮಾಡಿದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಎರಡನೇ ಸಾಲಿಗೆ ದನಿಗೂಡಿಸಿದರು. ಪಂಥ ಬೇರೆ, ಭಾಷೆ ಬೇರೆ, ಮಂತ್ರ ಇಬ್ಬರಿಗೂ ಅದೇ ತಾನೇ. ಮುಗಿದ ಮೇಲೆ ಆ ಅಜ್ಜಿ ಅಮ್ಮನ ಊರು ಕೇಳಿದರು. ಮೂಡುಬಿದಿರೆ ಅಂದರೆ ಗೊತ್ತಾಗಲಿಲ್ಲ. ಶ್ರವಣಬೆಳಗೊಳದ ಹತ್ತಿರವಾ ಅಂದರು, ಅಮ್ಮ ಹೌದು ಅಂದುಬಿಟ್ಟರು.

ಹರ್‌ಕುಂವರ್ ಶೇಠಾಣಿಯ ಹವೇಲಿಯನ್ನು ರಸ್ತೆಯಲ್ಲೇ ನಿಂತು ನೋಡಬೇಕು. ಮುಂಚಾಚಿದ ಮರದ ತೊಲೆಗಳ ಕೆತ್ತನೆ ನೋಡುತ್ತಾ ಕತ್ತು ನೋಯುತ್ತದೆ. ವ್ಯಾಪಾರಿ ಹಠೀಸಿಂಗರು ಡೆಲ್ಲಿ ದರ್ವಾಜಾದ ಹೊರಗೆ ದೊಡ್ಡ ದೇರಾಸರ್ ಕಟ್ಟಿಸಲು ಹೊರಟು ನಡುವೆಯೇ ತೀರಿಹೋದರು. ಹೆಂಡತಿ ಹರ್‌ಕುಂವರ್ ನಿಂತು ಕಟ್ಟಿಸಿ 1848ರಲ್ಲಿ ಮುಗಿಸಿದರು. ಆ ಕಾಲದಲ್ಲಿ ಗಂಡ ಸತ್ತ ಹೆಂಗಸು ಅಷ್ಟು ದೊಡ್ಡ ಕೆಲಸ ಹೊತ್ತು ಮುಗಿಸಿದ್ದು ಸಾಮಾನ್ಯ ಮಾತಾ? ಅಮ್ಮ ಇದನ್ನು ಎರಡು ಸಲ ಹೇಳಿಸಿಕೊಂಡರು. ಆ ದೇರಾಸರ್ ನಡಿಗೆಯ ದಾರಿಯಲ್ಲಿ ಇಲ್ಲ, ಬೇರೆಯಾಗಿ ಆಟೋ ಮಾಡಿಕೊಂಡು ಹೋಗಬೇಕು. ನಾವು ಮರುದಿನ ಹೋದೆವು.

ಅಲ್ಲಿಂದ ಪುಸ್ತಕದಂಗಡಿಗಳ ಫರ್ನಾಂಡಿಸ್ ಸೇತುವೆ, ಎಲ್ಲಕ್ಕಿಂತ ಹಳೆಯದೆನ್ನುವ ಮುಹೂರತ್ ಪೋಳ್, ಷೇರುಪೇಟೆಯ ಹಳೇ ಕಟ್ಟಡ, ಹೀಗೆ ಬೇಗ ಬೇಗ ದಾಟಿ ಮಾಣೆಕ್ ಚೌಕಕ್ಕೆ ಬಂದೆವು. ಇದು ಮಾಣೆಕ್‌ನಾಥ ಎಂಬ ಸಾಧುವಿನ ಹೆಸರು. 1411ರಲ್ಲಿ ಅಹಮದ್ ಶಾಹ ಊರು ಕಟ್ಟುವಾಗ, ಸಾಧು ಹಗಲಲ್ಲಿ ಚಾಪೆ ಹೆಣೆದು ರಾತ್ರಿ ಬಿಚ್ಚುತ್ತಿದ್ದರಂತೆ, ಹಗಲು ಎದ್ದ ಕೋಟೆಗೋಡೆ ರಾತ್ರಿ ಬೀಳುತ್ತಿತ್ತಂತೆ. ಚೌಕದ ಪಕ್ಕದಲ್ಲೇ ರಾಜರ, ರಾಣಿಯರ ಗೋರಿಗಳಿವೆ. ಬಾದಶಾಹನ ಗೋರಿಯ ಒಳಕೋಣೆಗೆ ಹೆಂಗಸರನ್ನು ಬಿಡುವುದಿಲ್ಲ. ಗೈಡ್ ಮೊದಲೇ ಹೇಳಿದ್ದರಿಂದ ನಾವು ಹೊರಗೇ ನಿಂತೆವು. ರಾಣಿಯರ ಗೋರಿಯ ಸುತ್ತ ಬಟ್ಟೆ ಅಂಗಡಿಗಳು, ಬಾಂಧನಿ ಸೀರೆ ಕೊಳ್ಳುವವರು ಅಲ್ಲಿ ನೋಡಬಹುದು.

ಜಾಮಾ ಮಸೀದಿ ಕೊನೆ. ತಲೆಗೆ ಸೆರಗು ಹೊದ್ದುಕೊಳ್ಳಿ, ನಮಾಜಿನ ಹೊತ್ತು ತಪ್ಪಿಸಿ. ಅಂಗಳ ಬಹಳ ದೊಡ್ಡದು, ಹತ್ತೂವರೆಗೇ ಕಲ್ಲು ಕಾದಿರುತ್ತದೆ. ಚಪ್ಪಲಿ ಹೊರಗೆ ಬಿಡಬೇಕಲ್ಲ, ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಚಳಿಗಾಲದಲ್ಲೇ ಹೀಗೆ, ಏಪ್ರಿಲ್, ಮೇ ತಿಂಗಳಲ್ಲಿ ಹಿರಿಯರನ್ನು ಕರೆದುಕೊಂಡು ಬರಲೇಬೇಡಿ. ಮಸೀದಿ 1424ರದ್ದು. ಒಳಗೆ 260 ಕಂಬ, ಮೇಲೆ 15 ಗುಮ್ಮಟ. ನಡು ಕಮಾನಿನ ಎರಡು ಬದಿಯ ಮಿನಾರುಗಳು 1819ರ ಭೂಕಂಪದಲ್ಲಿ ಬಿದ್ದವು, ಬುಡ ಮಾತ್ರ ಉಳಿದಿದೆ. ಆ ಬುಡದ ತುಂಬಾ ಕಮಲ, ಬಳ್ಳಿಗಳ ಕೆತ್ತನೆ. ನಮ್ಮ ಸಾವಿರ ಕಂಬದ ಬಸದಿ 1430ರದ್ದು. ಅಲ್ಲಿ ನಮ್ಮೂರಿನ ಕುಶಲಕರ್ಮಿಗಳು ಕಂಬ ಕಡೆಯುತ್ತಿದ್ದ ಹೊತ್ತಿಗೆ ಇಲ್ಲಿ ಈ ಕಂಬಗಳು ಆಗತಾನೇ ನಿಂತಿದ್ದವು. ಇದನ್ನು ಹೇಳಿದಾಗ ಅಮ್ಮ ಕೂತಲ್ಲಿಂದ ಎದ್ದು ಬಂದು ಒಂದು ಕಂಬವನ್ನು ಬುಡದಿಂದ ಕೈ ಎಟಕುವವರೆಗೆ ಸವರಿ ನೋಡಿದರು. "ನಮ್ಮದರಲ್ಲಿ ಒಂದರ ಹಾಗೆ ಇನ್ನೊಂದಿಲ್ಲ, ಇವೆಲ್ಲ ಒಂದೇ ಅಳತೆ. ಇದೂ ಸುಲಭ ಅಲ್ಲ" ಅಂದರು.

ಹೊರಗೆ ಗಾಂಧಿ ರಸ್ತೆಯಲ್ಲಿ ಆಟೋ ಸಿಗುತ್ತದೆ. ಮೊದಲನೆಯವನು ಕಾಲುಪುರಕ್ಕೆ 150 ರೂಪಾಯಿ ಕೇಳಿದ, ಮೀಟರ್ ಹಾಕುವವರು ನಾಲ್ಕು ಹೆಜ್ಜೆ ಮುಂದೆಯೇ ಸಿಕ್ಕರು. ಊಟದ ಚಿಂತೆ ಜೈನರಿಗೆ ಇಲ್ಲಿ ಇಲ್ಲವೇ ಇಲ್ಲ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಕದ ಅಡುಗೆ ಎಲ್ಲ ಕಡೆ ಸಿಗುತ್ತದೆ. ಪಾವ್‌ಭಾಜಿಗೂ ಆಲೂ ಬದಲು ಬಾಳೆಕಾಯಿ ಹಾಕುತ್ತಾರೆ. ಮಾಣೆಕ್ ಚೌಕದ ಪ್ರಸಿದ್ಧ ತಿಂಡಿ ಬೀದಿ ರಾತ್ರಿಯದು. ಅಮ್ಮ ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ, ಹಾಗಾಗಿ ಅದರ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಮಧ್ಯಾಹ್ನ ಅವರು ಮಂಡಿಗೆ ಬಿಸಿನೀರಿನ ಶಾಖ ಕೊಟ್ಟು ಮಲಗಿದರು, ಸಂಜೆಗೆಲ್ಲ ಸರಿಯಾದರು. ಗಿರ್ನಾರಿಗೆ ಹೊರಡುವ ಮೊದಲು ಒಂದು ಪೂರ್ತಿ ದಿನ ವಿಶ್ರಾಂತಿ ಇಟ್ಟುಕೊಂಡಿದ್ದೆವು, ಅದು ಬೇಕೇ ಬೇಕು.

ಈಗ ಚಿಕ್ಕಮ್ಮನೂ ಹೊರಟಿದ್ದಾರೆ, ಜನವರಿಗೆ ಟಿಕೆಟ್ ನೋಡು ಅನ್ನುತ್ತಿದ್ದಾರೆ. ಸಂಕ್ರಾಂತಿಯ ವಾರ ಮಾತ್ರ ಬೇಡ ಅಂದಿದ್ದೇನೆ. ಅಲ್ಲಿ ಅದು ಉತ್ತರಾಯಣ, ಗಾಳಿಪಟದ ಹಬ್ಬ. ಪೋಳ್‌ಗಳ ತಾರಸಿಗಳನ್ನೇ ಬಾಡಿಗೆಗೆ ಕೊಡುತ್ತಾರೆ, ಕೋಣೆ ಸಿಗುವುದು ಕಷ್ಟ, ಗಲ್ಲಿಯ ಮೇಲೆಲ್ಲ ಹರಿತವಾದ ಮಾಂಜಾ ದಾರ. ಫೆಬ್ರವರಿಯ ಮೊದಲ ವಾರಕ್ಕೆ ನೋಡುತ್ತಿದ್ದೇವೆ.